ತಾರಸಿ ಮೇಲಿನ ಹಂಡೆ: ಸೋಲಾರ್ ವಾಟರ್ ಹೀಟರ್‌ಗೆ ವರ್ಷಪೂರ್ತಿ ಆರೈಕೆ

ಡಿಸೆಂಬರಿನ ಬೆಳಗು, ಗಂಟೆ ಆರೂವರೆ. ಬಚ್ಚಲುಮನೆಯಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿ ಎರಡು ಬಕೆಟ್ ಹರಿಯಬಿಟ್ಟರೂ ಕೈಗೆ ತಾಗುವುದು ಉಗುರುಬೆಚ್ಚಗಿನ ನೀರೇ. 'ನಿನ್ನೆ ಬಿಸಿಲು ಚೆನ್ನಾಗಿಯೇ ಇತ್ತಲ್ಲ!' ಎಂದು ಮನೆಮಂದಿಯೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ. ಸೋಲಾರ್ ರಿಪೇರಿಯವರಿಗೆ ಫೋನ್ ಹೋಗುತ್ತದೆ. 'ಈಗ ಸೀಸನ್ ಸಾರ್, ನಾಲ್ಕು ದಿನ ಬಿಟ್ಟು ಬರ್ತೀವಿ' ಎಂಬ ಉತ್ತರ ಬರುತ್ತದೆ.

ಬಂದು ನೋಡಿದವರು ಹೇಳುವ ಕಾರಣ ಮಾತ್ರ ನಿನ್ನೆ ಮೊನ್ನೆಯದಲ್ಲ. ಗಾಜಿನ ಮೇಲೆ ತಿಂಗಳುಗಟ್ಟಲೆ ಕೂತ ದೂಳು, ಕೊಳವೆಯೊಳಗೆ ಕಟ್ಟಿದ ಸುಣ್ಣ, ಮಳೆಗಾಲದಲ್ಲಿ ಕಿತ್ತುಹೋದ ಪೈಪಿನ ಹೊದಿಕೆ, ಹೀಗೆ ಎಲ್ಲವೂ ಹಳೆಯ ಬಾಕಿಗಳೇ. ಬೇಸಿಗೆಯಲ್ಲಿ ಇವು ಯಾರ ಕಣ್ಣಿಗೂ ಬೀಳುವುದಿಲ್ಲ. ಆಗ ಟ್ಯಾಂಕಿನ ತಣ್ಣೀರೇ ಅರ್ಧ ಬೆಚ್ಚಗಿರುತ್ತದೆ, ಬಿಸಿನೀರು ಕೇಳುವವರೂ ಕಡಿಮೆ. ಅರ್ಧ ಶಕ್ತಿಯಲ್ಲಿ ಕೆಲಸ ಮಾಡುವ ಸೋಲಾರ್ ಕೂಡ ಪಾಸಾಗಿಬಿಡುತ್ತದೆ. ಅದಕ್ಕೆ ನಿಜವಾದ ಪರೀಕ್ಷೆ ಬರುವುದು ಚಳಿಗಾಲದಲ್ಲಿ.

ಹಿಂದಿನವರು ಈ ಲೆಕ್ಕ ಬಲ್ಲವರಾಗಿದ್ದರು. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಅಂದು ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಒಲೆಯ ಬೂದಿ ಬಳಿದು ತೆಗೆದು, ಸುಣ್ಣ ಕೆಮ್ಮಣ್ಣು ಹಚ್ಚಿ, ಹೊಸ ನೀರು ತುಂಬುತ್ತಿದ್ದರು. ಚಳಿ ಶುರುವಾಗುವ ಮುಂಚೆ ಮನೆಯ ಬಿಸಿನೀರಿನ ವ್ಯವಸ್ಥೆಗೆ ವಾರ್ಷಿಕ ಸರ್ವಿಸ್ ಆದಂತೆಯೇ ಅದು. ಹಂಡೆ ಈಗ ಬಚ್ಚಲುಮನೆಯಿಂದ ತಾರಸಿಗೆ ಏರಿದೆ. ಕರ್ನಾಟಕದಲ್ಲಿ ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯವಾಗಿ, ಅದನ್ನು ಹಾಕಿಸಿದವರಿಗೆ ಕರೆಂಟ್ ಬಿಲ್ಲಿನಲ್ಲಿ ರಿಯಾಯಿತಿಯೂ ಸಿಕ್ಕಿ, ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಸೋಲಾರ್ ಇಲ್ಲದ ತಾರಸಿ ಹುಡುಕುವುದೇ ಕಷ್ಟವಾಗಿದೆ. ಆದರೆ ಹಬ್ಬದ ಸರ್ವಿಸ್ ಮಾತ್ರ ತಾರಸಿ ಹತ್ತಲಿಲ್ಲ.

ಪಂಪಿಲ್ಲದೆ ನೀರು ಸುತ್ತುವುದು ಹೇಗೆ?

ಕಾದ ನೀರು ಹಗುರ, ತಣ್ಣೀರು ಭಾರ. ಬಿಸಿಲು ಹೀರಲೆಂದು ಇಳಿಜಾರಾಗಿ ನಿಲ್ಲಿಸಿದ ಕಲೆಕ್ಟರ್‌ನಲ್ಲಿ ಕಾದ ನೀರು ತಾನಾಗಿ ಮೇಲೇರಿ ಟ್ಯಾಂಕ್ ಸೇರುತ್ತದೆ. ಅದರ ಜಾಗಕ್ಕೆ ಟ್ಯಾಂಕಿನ ತಳದ ತಣ್ಣೀರು ಇಳಿಯುತ್ತದೆ. ಬಿಸಿಲಿರುವಷ್ಟು ಹೊತ್ತೂ ಈ ಸುತ್ತಾಟ ನಡೆಯುತ್ತದೆ. 1909ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಬೈಲಿ ಎಂಬಾತ ಕಲೆಕ್ಟರ್ ಮತ್ತು ಟ್ಯಾಂಕನ್ನು ಬೇರ್ಪಡಿಸಿ, ಟ್ಯಾಂಕಿಗೆ ಶಾಖ ಹಿಡಿದಿಡುವ ಹೊದಿಕೆ ಕೊಟ್ಟು ಮಾರಿದ್ದ ಹೀಟರ್ ನಡೆದದ್ದೂ ಇದೇ ತತ್ವದ ಮೇಲೆ.

100 ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಗೆ ಕಾಯಿಸಲು ಬೇಕಾಗುವ ಶಾಖ ಸುಮಾರು 4 ಯೂನಿಟ್ ವಿದ್ಯುತ್ತಿಗೆ ಸಮ. ಬಿಸಿಲು ಇಷ್ಟನ್ನೂ ಪುಕ್ಕಟೆಯಾಗಿ ಕೊಡುತ್ತದೆ, ಆದರೆ ಮೂರು ಷರತ್ತು ಹಾಕುತ್ತದೆ: ಬೆಳಕು ಗಾಜಿನೊಳಗೆ ಹೋಗಬೇಕು, ನೀರು ತಡೆಯಿಲ್ಲದೆ ಸುತ್ತಬೇಕು, ಕಾದ ಮೇಲೆ ಶಾಖ ಸೋರಬಾರದು. ಸೋಲಾರ್‌ನ ನಿರ್ವಹಣೆ ಎಂದರೆ ಈ ಮೂರನ್ನು ಕಾಯ್ದುಕೊಳ್ಳುವುದು.

ನಿಮ್ಮ ಮನೆಯದು ಯಾವ ಬಗೆ?

ಆರೈಕೆ ಶುರುಮಾಡುವ ಮುಂಚೆ ಇದು ಗೊತ್ತಿರಬೇಕು. ಬಾಗಿಲಿನಂತೆ ಅಗಲವಾದ ಗಾಜಿನ ಪೆಟ್ಟಿಗೆ, ಒಳಗೆ ಕಪ್ಪು ಲೋಹದ ಹಾಳೆ ಕಂಡರೆ ಅದು ಫ್ಲಾಟ್ ಪ್ಲೇಟ್, ಅಂದರೆ ಎಫ್‌ಪಿಸಿ. ಇದರಲ್ಲಿ ನೀರು ತಾಮ್ರದ ಸಣ್ಣ ಕೊಳವೆಗಳಲ್ಲಿ ಹರಿಯುತ್ತದೆ. ಬಾಳಿಕೆ ಹೆಚ್ಚು. ಆದರೆ ಗಡಸು ನೀರಿಗೆ ಈ ಕೊಳವೆಗಳು ಬೇಗ ಕಟ್ಟಿಕೊಳ್ಳುತ್ತವೆ.

ಸಾಲಾಗಿ ಜೋಡಿಸಿದ ಕಪ್ಪು ಗಾಜಿನ ಕೊಳವೆಗಳಿದ್ದರೆ ಅದು ಇಟಿಸಿ. ಪ್ರತಿ ಕೊಳವೆಗೂ ಥರ್ಮಾಸ್ ಫ್ಲಾಸ್ಕಿನಂತೆ ಎರಡು ಪದರದ ಗಾಜು, ನಡುವೆ ನಿರ್ವಾತ. ಶಾಖ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಕೊಳವೆಯ ತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣದ ಭಾಗವೊಂದಿರುತ್ತದೆ. ಅದು ಬೇರಿಯಂ ಲೇಪ. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ಗಾಳಿ ಒಳಗೆ ನುಗ್ಗಿದರೂ ಆ ಬೆಳ್ಳಿ ಬಣ್ಣ ಹೋಗಿ ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ. ಯಾವ ಕೊಳವೆ ಸತ್ತಿದೆ ಎಂದು ತಿಳಿಯಲು ಇದಕ್ಕಿಂತ ಸುಲಭದ ಗುರುತಿಲ್ಲ. ಕೆಳತುದಿಯ ಪ್ಲಾಸ್ಟಿಕ್ ಕಪ್ಪನ್ನು ಬೆಳಗಿನ ತಂಪಿನಲ್ಲಿ ಮೆಲ್ಲಗೆ ಸರಿಸಿ ನೋಡಬಹುದು.

ವರ್ಷಕ್ಕೆ ನಾಲ್ಕು ಸುತ್ತು

ಕ್ಯಾಲೆಂಡರಿನಲ್ಲಿ ಹಬ್ಬಗಳ ಪಕ್ಕ ಗುರುತು ಹಾಕಿಟ್ಟುಕೊಂಡರೆ ಮರೆಯುವುದಿಲ್ಲ.

1. ಯುಗಾದಿಯ ಹೊತ್ತಿಗೆ. ಬ್ಯಾಕಪ್ ಹೀಟರ್ ಇದ್ದರೆ ಅದರ ಎಂಸಿಬಿ ಇಳಿಸಿ. ಬೇಸಿಗೆಯಲ್ಲಿ ಅದಕ್ಕೆ ಕೆಲಸವಿಲ್ಲ, ಆದರೂ ಸ್ವಿಚ್ ಹಾಕಿಟ್ಟ ಮನೆಗಳಲ್ಲಿ ರಾತ್ರಿಯಿಡೀ ಕರೆಂಟ್ ಎಳೆಯುತ್ತಿರುತ್ತದೆ. ಏರ್ ವೆಂಟ್ ಪೈಪನ್ನು ನೋಡಿ. ಟ್ಯಾಂಕಿನ ಮೇಲಿಂದ ಆಕಾಶಕ್ಕೆ ಚಾಚಿಕೊಂಡ ಈ ಕೊಳವೆಯ ಬಾಯಲ್ಲಿ ಕಣಜ ಗೂಡು ಕಟ್ಟುವುದು ಸಾಮಾನ್ಯ. ರಜೆಗೆಂದು ವಾರಗಟ್ಟಲೆ ಊರಿಗೆ ಹೊರಟರೆ ಕಲೆಕ್ಟರ್ ಮೇಲೆ ಗೋಣಿತಾಟು ಅಥವಾ ದಪ್ಪ ಬಟ್ಟೆ ಹೊದಿಸಿ ಕಟ್ಟಿ. ಬಳಸದ ನೀರು ದಿನದಿನವೂ ಕಾದು ಕುದಿತಕ್ಕೆ ಬಂದರೆ ರಬ್ಬರ್ ರಿಂಗುಗಳಿಗೆ ಕೇಡು, ಸುಣ್ಣವೂ ಹೆಚ್ಚು ಕಟ್ಟುತ್ತದೆ.

2. ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ. ಸ್ಟ್ಯಾಂಡಿನ ಬೋಲ್ಟುಗಳನ್ನು ಬಿಗಿ ಮಾಡಿಸಿ. ತುಕ್ಕು ಕಂಡ ಕಡೆ ಉಜ್ಜಿ ಬಣ್ಣ ಬಳಿಸಿ. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಸಡಿಲ ಸ್ಟ್ಯಾಂಡ್ ಅಲುಗಿದರೆ ಮೊದಲು ಒಡೆಯುವುದು ಗಾಜು. ಕಲೆಕ್ಟರ್ ಮೇಲೆ ಚಾಚಿದ ತೆಂಗಿನ ಒಣಗರಿ, ಕಾಯಿಗಳನ್ನು ಇಳಿಸಿ. ಬ್ಯಾಕಪ್ ಹೀಟರಿನ ವೈರು, ಅರ್ಥಿಂಗ್, ಜಂಕ್ಷನ್ ಬಾಕ್ಸಿನ ಮುಚ್ಚಳವನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಮಲೆನಾಡು, ಕರಾವಳಿಯಲ್ಲಿ ಮೂರು ತಿಂಗಳು ಬಿಸಿಲಿನ ಮೇಲೆ ಭರವಸೆ ಇಡುವಂತಿಲ್ಲವಾದ್ದರಿಂದ ಅಲ್ಲಿ ಈ ಸುತ್ತು ಇನ್ನೂ ಮುಖ್ಯ.

3. ದೀಪಾವಳಿಗೆ ಹದಿನೈದು ದಿನ ಮೊದಲು. ಇದೇ ದೊಡ್ಡ ಸುತ್ತು. ಗಾಜು ತೊಳೆಯುವುದು, ಟ್ಯಾಂಕಿನ ತಳದ ಕೆಸರು ತೆಗೆಯುವುದು, ಗಡಸು ನೀರಿನ ಮನೆಗಳಲ್ಲಿ ಸುಣ್ಣ ತೆಗೆಸುವುದು, ಇಟಿಸಿಯ ಸಿಲಿಕಾನ್ ರಿಂಗುಗಳನ್ನು ನೋಡುವುದು, ಎಲ್ಲವೂ ಈಗಲೇ ಆಗಬೇಕು. ಕೆಲವು ಟ್ಯಾಂಕುಗಳೊಳಗೆ ಮೆಗ್ನೀಸಿಯಂ ಸರಳು, ಅಂದರೆ ಆನೋಡ್ ಇರುತ್ತದೆ. ತುಕ್ಕು ಟ್ಯಾಂಕಿನ ಬದಲು ಈ ಸರಳನ್ನು ತಿನ್ನುತ್ತದೆ. ಅದು ಸವೆದು ಹೋದ ಮೇಲೆ ಸರದಿ ಟ್ಯಾಂಕಿನದು. ತೆಗೆದು ತೋರಿಸಲು ಹೇಳಿ, ತೆಳ್ಳಗಾಗಿದ್ದರೆ ಬದಲಿಸಿ. ಈ ಕೆಲಸ ಅಕ್ಟೋಬರಿನಲ್ಲೇ ಮುಗಿಸಿದರೆ ಮೆಕ್ಯಾನಿಕ್ ಹೇಳಿದ ದಿನ ಬರುತ್ತಾನೆ.

4. ಸಂಕ್ರಾಂತಿ ಆಸುಪಾಸು. ಮಳೆ ನಿಂತಿರುತ್ತದೆ, ಗಾಜನ್ನು ತೊಳೆಯುವವರಿಲ್ಲ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರಂತೂ ಸಿಮೆಂಟ್ ದೂಳು ಪದರಗಟ್ಟುತ್ತದೆ. 15 ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ನೆರಳು ನೋಡಬೇಕಾದದ್ದೂ ಇದೇ ಕಾಲದಲ್ಲಿ.

ನೆರಳಿನ ಲೆಕ್ಕ ಹಲವರನ್ನು ಯಾಮಾರಿಸುತ್ತದೆ. ಏಪ್ರಿಲ್ ಕೊನೆಯ ವಾರದ ಒಂದು ಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೇ ಬಂದು ಕಂಬಕ್ಕೆ ನೆರಳೇ ಇರುವುದಿಲ್ಲ. ಆಗ ಜಾಗ ನೋಡಿ ಕೂರಿಸಿದ ಸೋಲಾರ್‌ಗೆ ಡಿಸೆಂಬರಿನಲ್ಲಿ ಬೇರೆಯೇ ಆಕಾಶ. ಆಗ ನಡುಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 53 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ದಕ್ಷಿಣದ ಕಡೆ ಕಲೆಕ್ಟರ್‌ಗಿಂತ 10 ಅಡಿ ಎತ್ತರದ ಗೋಡೆ ಎದ್ದರೆ ಅದರ ನೆರಳು ಉತ್ತರಕ್ಕೆ 7 ಅಡಿ ದಾಟುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ಪಕ್ಕದ ಮನೆಯವರ ಹೊಸ ಮಹಡಿ, ನಿಮ್ಮದೇ ನೀರಿನ ಟ್ಯಾಂಕು, ಬೆಳೆದ ಮಾವಿನ ಮರ ಯಾವುದಾದರೂ ಅಡ್ಡ ಬಂದಿರಬಹುದು. ಡಿಸೆಂಬರ್ ಕೊನೆಯಲ್ಲಿ ಒಂದು ರಜಾದಿನ ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ಮೂರು ಬಾರಿ ತಾರಸಿಗೆ ಹೋಗಿ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಸ್ಟ್ಯಾಂಡ್ ಸರಿಸಬೇಕೇ ಬೇಡವೇ ಎಂಬುದನ್ನು ಆ ಮೂರು ಫೋಟೊಗಳೇ ಹೇಳುತ್ತವೆ.

ಬೋರ್‌ವೆಲ್ ನೀರಿನ ಮನೆಗಳಿಗೆ

ಷವರಿನ ತೂತುಗಳಲ್ಲಿ ಬಿಳಿ ಹರಳು ಕಟ್ಟುತ್ತಿದ್ದರೆ, ಸೋಪು ನೊರೆ ಬರಲು ತಕರಾರು ಮಾಡುತ್ತಿದ್ದರೆ ನೀರು ಗಡಸು. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಬಿಸಿ ತಾಗಿದೊಡನೆ ಒಡೆದು, ಕರಗದ ಸುಣ್ಣದ ಕಲ್ಲಾಗಿ ಗೋಡೆಗೆ ಅಂಟುತ್ತದೆ. ನೀರು ಬಿಸಿಯಾದಷ್ಟೂ ಇದು ಹೆಚ್ಚು. ಆದ್ದರಿಂದಲೇ ತಣ್ಣೀರಿನ ಪೈಪ್ ಚೆನ್ನಾಗಿದ್ದರೂ ಸೋಲಾರ್ ಕಟ್ಟಿಕೊಳ್ಳುವುದು.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳಿತು. ಬೇರೆ ಮೂಲವಿಲ್ಲದಿದ್ದರೆ 600ರ ತನಕ ಸಹಿಸಬಹುದು. ನಡುವಿನ 400 ಎಂದೇ ಹಿಡಿಯಿರಿ. ದಿನಕ್ಕೆ 200 ಲೀಟರ್ ಬಿಸಿನೀರು ಬಳಸುವ ಮನೆಯ ಟ್ಯಾಂಕಿನೊಳಗಿಂದ 80 ಗ್ರಾಂ ಸುಣ್ಣದಂಶ ಹಾದುಹೋಗುತ್ತದೆ. ವರ್ಷಕ್ಕೆ ಅದು 29 ಕಿಲೋ! ಅದರಲ್ಲಿ ನೂರಕ್ಕೆ ಐದು ಪಾಲು ಉಳಿದರೂ ಒಂದೂವರೆ ಕಿಲೋ ಕಲ್ಲು ಒಳಗೆ ಕೂತಂತೆ.

ಇದಕ್ಕೆ ಮೂರು ದಾರಿಗಳಿವೆ.

1. ಮನೆಗೆ ಕಾವೇರಿ ನೀರು, ಬೋರ್ ನೀರು ಎರಡೂ ಬರುತ್ತಿದ್ದು ತಾರಸಿಯಲ್ಲಿ ಬೇರೆ ಬೇರೆ ಟ್ಯಾಂಕುಗಳಿದ್ದರೆ, ಸೋಲಾರ್‌ಗೆ ಕಾವೇರಿ ಟ್ಯಾಂಕಿನಿಂದ ಸಂಪರ್ಕ ಕೊಡಿಸಿ. ಒಂದಿಷ್ಟು ಪೈಪು, ಪ್ಲಂಬರಿನ ಅರ್ಧ ದಿನದ ಕೂಲಿಯಲ್ಲಿ ಮುಗಿಯುವ ಕೆಲಸ.

2. ಮೂರು ತಿಂಗಳಿಗೊಮ್ಮೆ ಬೆಳಗಿನ ಜಾವ ಅಥವಾ ಕತ್ತಲಾದ ಮೇಲೆ, ಬಿಸಿನೀರೆಲ್ಲ ಬಳಸಿ ಮುಗಿದಾಗ, ತಳದ ಡ್ರೈನ್ ವಾಲ್ವ್ ತೆರೆದು ನೀರು ತಿಳಿಯಾಗುವ ತನಕ ಹರಿಯಬಿಡಿ. ಬ್ಯಾಕಪ್ ಹೀಟರ್ ಬಂದ್ ಆಗಿರಲಿ, ವೆಂಟ್ ಪೈಪ್ ತೆರೆದಿರಲಿ. ಇಟಿಸಿಯಲ್ಲಿ ಗಾಜಿನ ಕೊಳವೆಗಳು ಟ್ಯಾಂಕಿಗಿಂತ ಕೆಳಗಿರುವುದರಿಂದ ಅವುಗಳ ತಳದ ಕೆಸರು ಹೀಗೆ ಬರುವುದಿಲ್ಲ. ದೊಡ್ಡ ಸುತ್ತಿನಲ್ಲಿ ಮೆಕ್ಯಾನಿಕ್ ಕೊಳವೆಗಳನ್ನು ಹೊರಗೆಳೆದೇ ತೊಳೆಯಬೇಕು.

3. ಸುಣ್ಣ ತೆಗೆಯಲು ಹಂಡೆಗೆ ಹುಣಸೆಹಣ್ಣು ಇದ್ದಂತೆ ಇಲ್ಲೂ ಆಮ್ಲವೇ ಬೇಕು. ಆದರೆ ಬಚ್ಚಲು ತೊಳೆಯುವ ಆಸಿಡ್ ಖಂಡಿತ ಬೇಡ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಸ್ಟೀಲ್ ಟ್ಯಾಂಕಿನಲ್ಲಿ ಸೂಜಿಮೊನೆಯಂಥ ತೂತುಗಳನ್ನು ಕೊರೆಯುತ್ತದೆ. ಸಿಟ್ರಿಕ್ ಅಥವಾ ಸಲ್ಫಾಮಿಕ್ ಆಮ್ಲದ ತೆಳು ದ್ರಾವಣ ಬಳಸುವವರಿಂದಲೇ ಮಾಡಿಸಿ. ಯಾವುದನ್ನು ಹಾಕುತ್ತೀರಿ ಎಂದು ಡಬ್ಬ ನೋಡಿ ಕೇಳಿ.

ನೀರು ತೀರಾ ಗಡಸಾಗಿದ್ದು ಹೊಸದಾಗಿ ಸೋಲಾರ್ ಕೊಳ್ಳುವವರು ಇಟಿಸಿಯನ್ನೋ, ಹೀಟ್ ಎಕ್ಸ್‌ಚೇಂಜರ್ ಇರುವ ಎಫ್‌ಪಿಸಿಯನ್ನೋ ಆರಿಸಿಕೊಳ್ಳುವುದು ಜಾಣತನ.

ನೀರು ಬಿಸಿಯಿಲ್ಲವೇ? ಫೋನ್ ಮಾಡುವ ಮುನ್ನ

1. ಒಂದೇ ನಲ್ಲಿಯ ತೊಂದರೆಯೋ, ಎಲ್ಲ ನಲ್ಲಿಗಳದ್ದೋ ನೋಡಿ. ಒಂದೇ ಆದರೆ ದೋಷ ಆ ನಲ್ಲಿಯದು, ಸೋಲಾರ್‌ನದಲ್ಲ.

2. ಬಿಸಿ ನಲ್ಲಿಯಲ್ಲಿ ನೀರೇ ಬರುತ್ತಿಲ್ಲವೇ? ಮೇಲಿನ ತಣ್ಣೀರಿನ ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಅತಿ ಕೆಳಗಿನ ಬಿಸಿ ನಲ್ಲಿಯನ್ನು ಪೂರ್ತಿ ತೆರೆದು ಸ್ವಲ್ಪ ಹೊತ್ತು ಬಿಡಿ. ಬುಸುಗುಡುತ್ತಾ ಗಾಳಿ ಹೊರಬಂದರೆ ಸರಿಹೋಯಿತು.

3. ನೀರು ಬರುತ್ತದೆ, ಆದರೆ ತಡವಾಗಿ ಬಿಸಿಯಾಗುತ್ತದೆ ಎನ್ನುವಿರಾ? ಮುಕ್ಕಾಲು ಇಂಚಿನ ಪೈಪ್ 15 ಮೀಟರ್ ಉದ್ದವಿದ್ದರೆ ಅದರೊಳಗೆ ಸುಮಾರು 5 ಲೀಟರ್ ನೀರು ತಣ್ಣಗೆ ನಿಂತಿರುತ್ತದೆ. ಅದು ದೋಷವಲ್ಲ. ಆ ನೀರನ್ನು ಬಕೆಟ್ಟಿಗೆ ಹಿಡಿದು ಬಟ್ಟೆಗೋ ಗಿಡಕ್ಕೋ ಬಳಸಿ. ಪೈಪಿಗೆ ಹೊದಿಕೆ ಇದ್ದರೆ ಒಬ್ಬರು ಮಿಂದು ಅರ್ಧ ಗಂಟೆಯಾದರೂ ಪೈಪಿನ ಬಿಸಿ ಉಳಿಯುತ್ತದೆ.

4. ಸಂಜೆ 4ರ ಹೊತ್ತಿಗೆ ತಾರಸಿಯಲ್ಲಿ, ಟ್ಯಾಂಕಿನಿಂದ ಹೊರಡುವ ಪೈಪನ್ನು ಬಟ್ಟೆ ಸುತ್ತಿದ ಕೈಯಿಂದ ಮುಟ್ಟಿ. ಅಲ್ಲಿ ಸುಡುಸುಡು ಇದ್ದು ಬಚ್ಚಲಲ್ಲಿ ತಣ್ಣಗಿದ್ದರೆ ಎಲ್ಲೋ ತಣ್ಣೀರು ಬೆರೆಯುತ್ತಿದೆ. ಪತ್ತೆಗೆ ಒಂದು ಉಪಾಯವಿದೆ: ಸೋಲಾರ್‌ಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿ, ಕೆಳಗೆ ಬಿಸಿ ನಲ್ಲಿ ತೆರೆಯಿರಿ. ಸ್ವಲ್ಪ ಹೊತ್ತಿನಲ್ಲಿ ನೀರು ನಿಲ್ಲಬೇಕು. ನಿಲ್ಲದೆ ತಣ್ಣೀರು ಹರಿಯುತ್ತಲೇ ಇದ್ದರೆ ಯಾವುದೋ ಮಿಕ್ಸರ್ ನಲ್ಲಿಯ ಒಳಗಿಂದ ತಣ್ಣೀರು ಬಿಸಿ ಲೈನಿಗೆ ನುಗ್ಗುತ್ತಿದೆ ಎಂದೇ ಅರ್ಥ. ತಣ್ಣೀರಿನ ಲೈನಿಗೆ ಮಾತ್ರ ಪ್ರೆಷರ್ ಪಂಪ್ ಹಾಕಿಸಿಕೊಂಡ ಮನೆಗಳಲ್ಲಿ ಇದು ಬಹಳ. ನಾನ್ ರಿಟರ್ನ್ ವಾಲ್ವ್ ಹಾಕಿಸಿದರೆ ಪರಿಹಾರ.

5. ಟ್ಯಾಂಕಿನ ಬಳಿಯೇ ಉಗುರುಬೆಚ್ಚಗಿದ್ದರೆ ದೂಳು, ನೆರಳು, ಸುಣ್ಣ ಈ ಮೂರರಲ್ಲೊಂದು. ಇಟಿಸಿ ಆದರೆ ಮಧ್ಯಾಹ್ನ ಕೊಳವೆಗಳ ಹೊರಮೈಯನ್ನು ಬೆರಳ ತುದಿಯಿಂದ ಒಂದೊಂದಾಗಿ ತಾಗಿಸಿ ನೋಡಿ. ಸರಿಯಿರುವ ಕೊಳವೆಯ ಹೊರಗಾಜು ತಣ್ಣಗೇ ಇರುತ್ತದೆ. ಬಿಸಿ ತಾಗಿದ ಕೊಳವೆಯಲ್ಲಿ ನಿರ್ವಾತ ಹೋಗಿದೆ, ಬದಲಿಸಬೇಕು.

6. ಸಂಜೆ ಬಿಸಿ, ಬೆಳಿಗ್ಗೆ ತಣ್ಣಗೆ? ರಾತ್ರಿ ಎಲ್ಲಾದರೂ ಬಿಸಿ ನಲ್ಲಿ ತೊಟ್ಟಿಕ್ಕುತ್ತಿದೆಯೇ ನೋಡಿ. ಇಲ್ಲವಾದರೆ ಟ್ಯಾಂಕಿನ ಒಳಹೊದಿಕೆಗೆ ನೀರಿಳಿದಿರಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ರಾತ್ರಿ ಎಲ್ಲರೂ ಮಿಂದು, ಬೆಳಿಗ್ಗೆ ಮತ್ತೆ ಬಿಸಿನೀರು ನಿರೀಕ್ಷಿಸುವುದು ಮೊದಲನೆಯದು. ರಾತ್ರಿ ತೆಗೆದಷ್ಟೂ ತಣ್ಣೀರು ಟ್ಯಾಂಕಿಗೆ ಇಳಿದು, ಬೆಳಗಿನ ತನಕ ಕಾಯದೆ ಕೂತಿರುತ್ತದೆ. ಬೆಳಿಗ್ಗೆ ತೆಗೆದರೆ ಆ ತಣ್ಣೀರಿಗೆ ಇಡೀ ಹಗಲಿನ ಬಿಸಿಲು ಸಿಗುತ್ತದೆ. ಚಳಿಗಾಲದಲ್ಲಿ ಸ್ನಾನವನ್ನು ಬೆಳಿಗ್ಗೆಗೆ ಇಟ್ಟುಕೊಂಡ ಮನೆಗೆ ಅದೇ ಸೋಲಾರ್ ಹೆಚ್ಚು ಜನಕ್ಕೆ ಸಾಲುತ್ತದೆ.

ನಡುಮಧ್ಯಾಹ್ನ ಗಾಜು ತೊಳೆಯುವುದು ಎರಡನೆಯದು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು. ಖಾಲಿಯಾದ ಇಟಿಸಿಗೆ ಬಿಸಿಲಿನಲ್ಲಿ ನೀರು ಬಿಡುವುದಂತೂ ಇನ್ನೂ ಅಪಾಯ. ಒಣ ಕೊಳವೆಯ ಒಳಗೆ ಬಿಸಿ 200 ಡಿಗ್ರಿ ದಾಟಿರಬಹುದು. ತುಂಬಿಸುವುದಿದ್ದರೆ ಸೂರ್ಯೋದಯಕ್ಕೆ ಮುಂಚೆ, ಇಲ್ಲವೇ ಸೂರ್ಯಾಸ್ತವಾಗಿ ಗಾಜು ಪೂರ್ತಿ ಆರಿದ ಮೇಲೆ.

ನೀರು ಉಕ್ಕುತ್ತದೆಂದು ವೆಂಟ್ ಪೈಪಿನ ಬಾಯಿಗೆ ಬಟ್ಟೆ ತುರುಕುವುದು ಮೂರನೆಯದು. ಗಾಳಿ ಒಳಗೆ ಬರಲು ದಾರಿಯಿಲ್ಲದೆ ಟ್ಯಾಂಕಿನಿಂದ ನೀರಿಳಿದರೆ, ಹೀರಿದ ಜ್ಯೂಸಿನ ಡಬ್ಬಿಯಂತೆ ಟ್ಯಾಂಕ್ ಒಳಕ್ಕೆ ಕುಗ್ಗುತ್ತದೆ. ವೆಂಟ್ ಉಕ್ಕುತ್ತಿದ್ದರೆ ಅದು ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಗಿಡ್ಡವಾಗಿದೆ, ಅಥವಾ ಮೇಲೆ ಹೇಳಿದ ಹಾಗೆ ತಣ್ಣೀರು ಹಿಂದಕ್ಕೆ ನುಗ್ಗುತ್ತಿದೆ. ಕಾರಣ ಸರಿಪಡಿಸಿ, ಬಾಯಿ ಮುಚ್ಚಬೇಡಿ.

ನಾಲ್ಕನೆಯದು, ಪೈಪಿನ ಕಪ್ಪು ಹೊದಿಕೆ ಪುಡಿಯಾಗಿ ಉದುರುತ್ತಿದ್ದರೂ ಸುಮ್ಮನಿರುವುದು. ಬಿಸಿಲಿಗೆ ಅದು ಕೆಲವೇ ವರ್ಷಗಳಲ್ಲಿ ಹಾಳಾಗುತ್ತದೆ.

ಎಚ್ಚರಿಕೆ

* 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಬೇಸಿಗೆಯಲ್ಲಿ ಸೋಲಾರ್ ನೀರು ಅದಕ್ಕೂ ಮೀರಿ ಕಾಯುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬಿಡುವ ರೂಢಿ ಇರಲಿ. ಮಕ್ಕಳಿರುವ ಮನೆಯಲ್ಲಿ ಕಡ್ಡಾಯ.
* ಬ್ಯಾಕಪ್ ಹೀಟರ್‌ಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಬೇಕೇ ಬೇಕು. ಟ್ಯಾಂಕಿನಲ್ಲಿ ನೀರಿಲ್ಲದಾಗ ಸ್ವಿಚ್ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ.
* ಹಲವು ವಾರ ಬಳಸದೆ ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾದಂಥ ಬ್ಯಾಕ್ಟೀರಿಯಾ ಬೆಳೆಯಬಹುದು. ಊರಿಂದ ಬಂದ ಮೇಲೆ ನೀರು 60 ಡಿಗ್ರಿ ತನಕ ಕಾಯಲಿ, ಎಲ್ಲ ಬಿಸಿ ನಲ್ಲಿಗಳನ್ನೂ ಕೆಲವು ನಿಮಿಷ ಹರಿಯಬಿಟ್ಟು ಆಮೇಲೆ ಬಳಸಿ.
* ಸೋಲಾರ್ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ.
* ಇಟಿಸಿಯ ಒಂದು ಕೊಳವೆ ಪೂರ್ತಿ ಒಡೆದರೂ ಆ ತೂತಿನಿಂದ ಟ್ಯಾಂಕಿನ ಬಿಸಿನೀರೆಲ್ಲ ಸುರಿಯುತ್ತದೆ. ಮೇಲಿನ ತಣ್ಣೀರಿನ ಟ್ಯಾಂಕೂ ಅದರ ಹಿಂದೆಯೇ ಖಾಲಿಯಾಗುತ್ತದೆ. ಕೋತಿಗಳ ಕಾಟವಿರುವ ಊರುಗಳಲ್ಲಿ ಇದು ಅಪರೂಪವಲ್ಲ. ಮೊದಲು ತಣ್ಣೀರಿನ ವಾಲ್ವ್ ಮುಚ್ಚಿ, ಬ್ಯಾಕಪ್ ಹೀಟರ್ ಆರಿಸಿ, ಆಮೇಲೆ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಗಾಜಿನ ಚೂರು ತೆಗೆಯುವಾಗ ಕೈಗವಸು, ಕಾಲಿಗೆ ಶೂ ಇರಲಿ.

ಆ ವಾಲ್ವ್ ಎಲ್ಲಿದೆ ಎಂಬುದೇ ಎಷ್ಟೋ ಮನೆಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಈ ಭಾನುವಾರ ಬಿಸಿಲೇರುವ ಮುಂಚೆ ಒಂದು ಬಕೆಟ್ ನೀರು, ಹಳೆಯ ಹತ್ತಿ ಬಟ್ಟೆ, ಒಂದು ಕೆಂಪು ಟೇಪು ಹಿಡಿದು ತಾರಸಿ ಹತ್ತಿ. ತಣ್ಣೀರಿನ ಟ್ಯಾಂಕಿನಿಂದ ಸೋಲಾರ್‌ಗೆ ಬರುವ ಪೈಪನ್ನು ಕಣ್ಣಿನಲ್ಲೇ ಹಿಂಬಾಲಿಸಿ, ಅದರ ವಾಲ್ವಿಗೆ ಟೇಪು ಸುತ್ತಿ, ತಿರುಗುತ್ತದೆಯೇ ಎಂದು ಒಮ್ಮೆ ತಿರುಗಿಸಿ ನೋಡಿ. ಗಾಜು ಒರೆಸಿ. ಕೆಳಗಿಳಿದು ಬಂದು ಮನೆಯ ಉಳಿದವರಿಗೂ ಆ ಕೆಂಪು ಟೇಪಿನ ಜಾಗ ತೋರಿಸಿ.